ನಾಲ್ವರು, ಎರಡೇ ಚೆಂಡು: ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಫೋರ್ಸಮ್ಸ್ ಆಡುವ ಕ್ರಮ

ಬ್ರಿಟನ್ನಿನ ಹಳೆಯ ಗಾಲ್ಫ್ ಕ್ಲಬ್ಬುಗಳು ಗುಂಪನ್ನು ಲೆಕ್ಕ ಹಾಕುವುದು ತಲೆ ಎಣಿಸಿ ಅಲ್ಲ, ಚೆಂಡು ಎಣಿಸಿ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ ಇವತ್ತಿಗೂ ಮೆರೆಯುವ ಆಟ ಫೋರ್ಸಮ್ಸ್: ಇಬ್ಬಿಬ್ಬರ ಎರಡು ಜೋಡಿ, ಜೋಡಿಗೊಂದೇ ಚೆಂಡು, ಸರದಿಯಂತೆ ಹೊಡೆತ. ಫೋರ್‌ಬಾಲ್‌ನಲ್ಲಾದರೆ ನಾಲ್ವರಿಗೂ ಬೇರೆ ಬೇರೆ ಚೆಂಡು, ಹೊಡೆತಗಳೂ ಸುಮಾರು ದುಪ್ಪಟ್ಟು. ಟೀ ಟೈಮ್ (ಆಟ ಶುರುಮಾಡುವ ಹೊತ್ತು) ಕಾಯ್ದಿರಿಸುವಾಗಲೇ ಆ ಹೊತ್ತಿಗೆ ಎಷ್ಟು ಚೆಂಡಿಗೆ ಅವಕಾಶ ಎಂದು ಕೇಳಿಕೊಳ್ಳಿ.

ಮೊದಲು ಜೋಡಿಯೊಳಗೆ ಹಂಚಿಕೆ. ಒಬ್ಬರು ಬೆಸ ಸಂಖ್ಯೆಯ ಹೋಲ್‌ಗಳಲ್ಲಿ (ಟೀ ಎಂಬ ಆರಂಭದ ಜಾಗದಿಂದ ಗುಳಿಯವರೆಗಿನ ಹಂತಗಳಲ್ಲಿ) ಮೊದಲ ಹೊಡೆತವಾದ ಟೀ ಹೊಡೆದರೆ ಇನ್ನೊಬ್ಬರದು ಸಮ ಸಂಖ್ಯೆಯವು. ರೌಂಡ್ ಮುಗಿಯುವ ತನಕ ಇದನ್ನು ಬದಲಿಸುವಂತಿಲ್ಲ. ಸ್ಕೋರ್‌ಕಾರ್ಡ್ ನೋಡಿ, ಪಾರ್-3ಗಳು (ಮೂರು ಹೊಡೆತಕ್ಕೆ ಮುಗಿಸಬೇಕಾದ ಚಿಕ್ಕ ಹೋಲ್) ಯಾವ ಕಡೆ ಹೆಚ್ಚಿವೆಯೋ ಆ ಕಡೆಯನ್ನು ಐರನ್ (ಕಡಿಮೆ ದೂರದ, ನಿಖರ ಹೊಡೆತದ ಕೋಲು) ಚೆನ್ನಾಗಿ ಹೊಡೆಯುವವರಿಗೆ ಕೊಡಿ. ಪೆನಾಲ್ಟಿ ಬಿದ್ದರೂ ಸರದಿ ಬದಲಾಗದು. ಸರದಿ ತಪ್ಪಿದರೆ ಮ್ಯಾಚ್ ಪ್ಲೇನಲ್ಲಿ (ಗೆದ್ದ ಹೋಲ್ ಲೆಕ್ಕದ ಆಟ) ಆ ಹೋಲ್ ಸೋತಂತೆ; ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತಗಳ ಲೆಕ್ಕದ ಆಟ) ಎರಡು ಹೊಡೆತದ ದಂಡ, ಜೊತೆಗೆ ತಪ್ಪಿದ ಜಾಗಕ್ಕೆ ಮರಳಿ ಸರಿಯಾದವರೇ ಆಡಬೇಕು.

ನಿಜವಾಗಿ ಸಮಯ ಉಳಿಯುವುದು ನಡಿಗೆಯಲ್ಲಿ. ಟೀ ಸರದಿ ಇಲ್ಲದವರು ಟೀ ಬಳಿ ನಿಲ್ಲದೆ, ಚೆಂಡು ಬೀಳುವ ಅಂದಾಜು ಜಾಗದ ಪಕ್ಕಕ್ಕೆ, ಹೊಡೆತದ ದಿಕ್ಕಿನಿಂದ ದೂರವಾಗಿ, ಮೊದಲೇ ಹೋಗಿ ಕಾಯಬೇಕು. ಇದಕ್ಕೊಂದು ಅಪವಾದವಿದೆ, ಹೊಸಬರು ಎಡವುವುದೂ ಇಲ್ಲೇ. ಟೀ ಹೊಡೆತ ಕಳೆದುಹೋದ ಅನುಮಾನವಿದ್ದರೆ ಪ್ರಾವಿಷನಲ್ (ಮೊದಲ ಚೆಂಡು ಸಿಗದಿದ್ದರೆ ಎಂದು ಆಡಿಡುವ ತಾತ್ಕಾಲಿಕ) ಚೆಂಡನ್ನು ಹೊಡೆಯಬೇಕಾದವರು ಜೊತೆಗಾರರೇ. ಅವರು ಮುಂದೆ ಹೋಗಿಬಿಟ್ಟಿದ್ದರೆ ಅಷ್ಟು ದೂರ ವಾಪಸ್ ಬರಬೇಕು. ಆದ್ದರಿಂದ ಗಡಿಗೆರೆ ಹತ್ತಿರವಿರುವ ಹೋಲ್‌ಗಳಲ್ಲಿ, ದಟ್ಟ ರಫ್ (ಎತ್ತರದ ಹುಲ್ಲು) ಇರುವಲ್ಲಿ, ಟೀ ಹೊಡೆತ ಬಿದ್ದ ಮೇಲೆಯೇ ಕದಲಿ.

ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮಾವಳಿಯ ಸಲಹೆ. ಚೆಂಡು ಹುಡುಕಲು 3 ನಿಮಿಷ ಮಾತ್ರ. 2019ಕ್ಕೆ ಮುಂಚೆ 5 ಇತ್ತು. ಬ್ಯಾಗನ್ನು ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮುಂದೆ ಇಡಬೇಡಿ, ಮುಂದಿನ ಟೀಗೆ ಹೋಗುವ ದಾರಿಯ ಬದಿಗಿಡಿ. ಸ್ಕೋರ್ ಬರೆಯುವುದೂ ಮುಂದಿನ ಟೀಯಲ್ಲೇ.

ವೇಗ ಅಳೆಯಲು ಹಿಂದೆ ನೋಡಿದರೆ ಸಾಲದು, ಮುಂದಿನ ಗುಂಪಿಗೆ ಅಂಟಿಕೊಂಡಿದ್ದೀರಾ ಎಂದು ನೋಡಿ. ಒಂದು ಪೂರ್ತಿ ಹೋಲ್ ಮುಂದೆ ಖಾಲಿಯಾಗಿದ್ದು, ಹಿಂದಿನವರು ಕಾಯುತ್ತಿದ್ದರೆ ದಾರಿ ಬಿಡಬೇಕು. ಮೊದಲೆಲ್ಲ ಎರಡು ಚೆಂಡಿನ ಆಟಕ್ಕೆ ಮೂರು, ನಾಲ್ಕು ಚೆಂಡಿನ ಆಟಗಳಿಗಿಂತ ಆದ್ಯತೆಯಿತ್ತು, ಒಂಟಿ ಆಟಗಾರನಿಗೆ ಹಕ್ಕೇ ಇರಲಿಲ್ಲ. 2004ರಿಂದ ಗುಂಪಿನ ವೇಗವೇ ಆದ್ಯತೆ ತೀರ್ಮಾನಿಸುತ್ತದೆ. ಕ್ಲಬ್ಬು ಬೇರೆ ನಿಯಮ ಇಟ್ಟಿದ್ದರೆ ಅದೇ ಅಂತಿಮ.

ದಾರಿ ಬಿಡಲು ಪಾರ್-3 ಒಳ್ಳೆಯ ಜಾಗ. ಎಲ್ಲರೂ ಗ್ರೀನ್ ತಲುಪಿದ ಮೇಲೆ ಚೆಂಡುಗಳಿಗೆ ಗುರುತಿಟ್ಟು ಎತ್ತಿಕೊಂಡು, ಪಕ್ಕಕ್ಕೆ ಸರಿದು ಹಿಂದಿನವರನ್ನು ಕೈಬೀಸಿ ಕರೆಯಿರಿ; ಅವರು ಪಟ್ (ಗ್ರೀನಿನ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಮುಗಿಸಿ ಹೋಗಲಿ. ಚೆಂಡು ಹುಡುಕುತ್ತಿದ್ದರೆ 3 ನಿಮಿಷ ಮುಗಿಯಲೆಂದು ಕಾಯದೆ, ಸುಲಭಕ್ಕೆ ಸಿಗದೆಂದು ಗೊತ್ತಾದ ಕೂಡಲೇ ಕರೆಯಿರಿ. ಕರೆದ ಮೇಲೆ ಚೆಂಡು ಸಿಕ್ಕಿತೆಂದು ಹೊಡೆಯಬಾರದು. ಅವರು ನಿಮ್ಮ ಹೊಡೆತಕ್ಕೆ ನಿಲುಕದಷ್ಟು ದೂರ ಹೋಗುವವರೆಗೂ ತಡೆಯಿರಿ. ಮುಂದಿನ ಹೋಲ್‌ಗಳೂ ತುಂಬಿದ್ದರೆ ಯಾರನ್ನೂ ಮುಂದೆ ಬಿಟ್ಟು ಪ್ರಯೋಜನವಿಲ್ಲ. ಹಿಂದಿನವರಿಗೆ ಅದನ್ನು ತಿಳಿಸಿ ನಿಮ್ಮ ಜಾಗದಲ್ಲೇ ಆಟ ಮುಂದುವರಿಸಿ.