ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಸೌಂಡ್ ನಿಂತರೆ ಎಲ್ಲಿಂದ ಹುಡುಕಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಗ್ಗದ ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡವರು ಹಾಸನ, ಚಿಕ್ಕಮಗಳೂರಿನ ಕಡೆಯೂ ಸಿಗುತ್ತಾರೆ. ಮಕ್ಕಳ ಪಾಠ, ತೋಟದ ಲೆಕ್ಕ, ಬ್ಯಾಂಕಿನ ಕೆಲಸ ಎಲ್ಲ ಸಲೀಸಾಗಿ ನಡೆಯುತ್ತದೆ. ಒಂದು ದಿನ ಸೌಂಡ್ ನಿಲ್ಲುತ್ತದೆ. 'ಲಿನಕ್ಸ್ ಅಂದ್ರೆ ಹಿಂಗೇ, ತೆಗೆದು ಬೇರೆ ಹಾಕ್ಸಿ' ಎಂದು ಯಾರಾದರೂ ಹೇಳಿಬಿಡುತ್ತಾರೆ. ಅವಸರ ಬೇಡ. ಸೌಂಡ್ ಚಿಪ್ ನಿಜವಾಗಿ ಸುಟ್ಟುಹೋಗುವುದು ಅಪರೂಪ. ಸ್ಪ್ರಿಂಕ್ಲರ್‌ಗೆ ನೀರು ಬರದಿದ್ದರೆ ಮೋಟರ್ ಬಿಚ್ಚುವ ಮೊದಲು ವಾಲ್ವ್ ನೋಡುತ್ತೇವೆ, ಅಲ್ವಾ? ಇಲ್ಲೂ ಹಾಗೆಯೇ ಹೋಗಬೇಕು.

ಬ್ರೌಸರ್‌ನಲ್ಲಿ ಹುಟ್ಟಿದ ಸದ್ದು ಮೊದಲು ಪೈಪ್‌ವೈರ್ ಎಂಬ ಸೌಂಡ್ ಸರ್ವರ್‌ಗೆ, ಅಂದರೆ ಎಲ್ಲ ತಂತ್ರಾಂಶಗಳ ಸದ್ದನ್ನು ಒಟ್ಟುಮಾಡಿ ಮುಂದೆ ಕಳಿಸುವ ತಂತ್ರಾಂಶಕ್ಕೆ ಬರುತ್ತದೆ. ಅಲ್ಲಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೌಂಡ್ ಚಿಪ್ ನಡೆಸುವ ಆಲ್ಸಾಕ್ಕೆ, ಆಮೇಲೆ ಮದರ್‌ಬೋರ್ಡಿನ ಚಿಪ್‌ಗೆ, ಕೊನೆಗೆ ಜಾಕ್ ದಾಟಿ ಸ್ಪೀಕರ್‌ಗೆ. ಉಬುಂಟು 2022ರ 22.10 ಆವೃತ್ತಿಯಲ್ಲಿ, ಮಿಂಟ್ 2024ರ 22ನೇ ಆವೃತ್ತಿಯಲ್ಲಿ ಪೈಪ್‌ವೈರ್‌ಗೆ ಬದಲಾದವು. ಅದಕ್ಕೂ ಮೊದಲು ಆ ಜಾಗದಲ್ಲಿ ಪಲ್ಸ್‌ಆಡಿಯೊ ಇತ್ತು. ಹಳೆಯ ಸಲಹೆಗಳನ್ನು ಓದುವಾಗ ಇದು ನೆನಪಿರಲಿ.

ತಂತಿ ಮತ್ತು ಜಾಕ್

ಸ್ಪೀಕರ್ ಪಿನ್ ಇರಬೇಕಾದ್ದು ಹಸಿರು ಜಾಕ್‌ನಲ್ಲಿ. ಗುಲಾಬಿ ಬಣ್ಣದ್ದು ಮೈಕ್‌ಗೆ, ನೀಲಿ ಹೊರಗಿನ ಸದ್ದನ್ನು ಒಳಗೆ ತರಲು. ಅದೇ ಸ್ಪೀಕರನ್ನು ಮೊಬೈಲ್‌ಗೆ ಚುಚ್ಚಿ ನೋಡಿ. ಅಲ್ಲಿ ಹಾಡಿದರೆ ಸ್ಪೀಕರ್ ಸರಿಯಿದೆ.

ನಮ್ಮ ಮಲೆನಾಡಿನ ಕಡೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಜಾಕ್ ಬಿಟ್ಟೀತೇ? ಒಳಗಿನ ಲೋಹದ ಪಟ್ಟಿಗೆ ಕಿಲುಬು ಕಟ್ಟಿದರೆ ಸಂಪರ್ಕ ಸಿಗುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪಿನ್ನನ್ನು ಹಲವು ಸಲ ಹಾಕಿ ತೆಗೆಯಿರಿ, ಒಳಗೇ ತಿರುಗಿಸಿ. ಆಮೇಲೂ ಕರಕರ ಎಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಪಿನ್ನಿಗೆ ಸ್ವಲ್ಪ ಹಚ್ಚಿ ಚುಚ್ಚಿ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಎಣ್ಣೆ ಮಾತ್ರ ಬೇಡ, ಅದು ದೂಳನ್ನು ಎಳೆದುಕೊಳ್ಳುತ್ತದೆ.

ಸದ್ದು ಎಲ್ಲಿಗೆ ಹೋಗುತ್ತಿದೆ?

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಮಾನಿಟರ್ ಎಚ್‌ಡಿಎಂಐ ಕೇಬಲ್‌ನಲ್ಲಿದ್ದರೆ ಕಂಪ್ಯೂಟರ್ ಸದ್ದನ್ನೂ ಅದರಲ್ಲೇ ಕಳಿಸಬಹುದು. ಮಾನಿಟರ್‌ನಲ್ಲಿ ಸ್ಪೀಕರ್ ಇಲ್ಲದಿದ್ದರೆ ಪೂರಾ ಮೌನ. ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್‌ನಲ್ಲಿ ಎಚ್‌ಡಿಎಂಐ ಬದಲು ಅನಲಾಗ್ ಅಥವಾ ಲೈನ್ ಔಟ್ ಆರಿಸಿ.

ಪಟ್ಟಿಯಲ್ಲಿ ಅದು ಕಾಣದಿದ್ದರೆ 'ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್' ಎಂಬ ಪುಟ್ಟ ತಂತ್ರಾಂಶ ಹಾಕಿಕೊಳ್ಳಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ. ಪೈಪ್‌ವೈರ್ ಜೊತೆಗೂ ಕೆಲಸ ಮಾಡುತ್ತದೆ. ಅದರ ಕಾನ್ಫಿಗರೇಶನ್ ಪುಟದಲ್ಲಿ ಕಾರ್ಡ್ (ಅಂದರೆ ಸೌಂಡ್ ಚಿಪ್) 'ಆಫ್' ಎಂದಿದ್ದರೆ 'ಅನಲಾಗ್ ಸ್ಟೀರಿಯೊ ಡ್ಯುಪ್ಲೆಕ್ಸ್' ಮಾಡಿ. ನಂತರ ಒಂದು ಹಾಡು ಹಚ್ಚಿ ಪ್ಲೇಬ್ಯಾಕ್ ಪುಟ ನೋಡಿ. ಅಲ್ಲಿನ ಪಟ್ಟಿ ಕುಣಿಯುತ್ತಿದ್ದರೆ ಸದ್ದು ಪೈಪ್‌ವೈರ್ ತನಕ ಬಂದಿದೆ, ತಪ್ಪು ಅದರಿಂದ ಮುಂದೆ ಇದೆ. ಕುಣಿಯದಿದ್ದರೆ ಬ್ರೌಸರ್ ಟ್ಯಾಬ್ ಮ್ಯೂಟ್ ಆಗಿದೆಯೇ ನೋಡಿ. ಈ ಒಂದು ಪರೀಕ್ಷೆಯಿಂದ ಅರ್ಧ ಹುಡುಕಾಟ ಉಳಿಯುತ್ತದೆ.

ಆಲ್ಸಾಮಿಕ್ಸರ್

ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಆಲ್ಸಾಮಿಕ್ಸರ್ (alsamixer) ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಮೊದಲು ಒಂದೇ ಕಂಬ ಕಂಡರೆ ಗಾಬರಿ ಬೇಡ, ಅದು ಪೈಪ್‌ವೈರ್‌ನದು. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿ. ಈಗ ಮಾಸ್ಟರ್, ಹೆಡ್‌ಫೋನ್, ಫ್ರಂಟ್ ಎಂಬ ಕಂಬಗಳು ಸಾಲಾಗಿ ಬರುತ್ತವೆ. ಕಂಬದ ಕೆಳಗೆ 'ಎಂಎಂ' ಎಂದಿದ್ದರೆ ಅದು ಮ್ಯೂಟ್. ಎಂ ಕೀಲಿ ಒತ್ತಿದರೆ '00' ಆಗಿ ತೆರೆದುಕೊಳ್ಳುತ್ತದೆ. ಮೇಲಿನ ಬಾಣದಿಂದ ಮಟ್ಟ ಏರಿಸಿ.

ಬಲಕ್ಕೆ ಹೋಗುತ್ತಾ ಹೋದರೆ ಹಲವು ಕಾರ್ಡ್‌ಗಳಲ್ಲಿ 'ಆಟೊ-ಮ್ಯೂಟ್' ಸಿಗುತ್ತದೆ. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ನಿಲ್ಲಿಸುವುದು ಅದರ ಕೆಲಸ. ಕಿಲುಬು ಹಿಡಿದ ಇಲ್ಲವೇ ಬಾಗಿದ ಜಾಕ್, ಮುಂದುಗಡೆ ಹೆಡ್‌ಫೋನ್ ಇದೆ ಎಂದು ಸುಳ್ಳು ಸುದ್ದಿ ಕೊಡಬಹುದು. ಆಗ ಹಿಂದಿನ ಸ್ಪೀಕರ್ ಸುಮ್ನೆ ಸತ್ತಂತೆ ಇರುತ್ತದೆ. ಆಟೊ-ಮ್ಯೂಟನ್ನು 'ಡಿಸೇಬಲ್ಡ್' ಮಾಡಿ ನೋಡಿ. ಎಸ್ಕೇಪ್ ಒತ್ತಿದರೆ ಹೊರಗೆ ಬರಬಹುದು.

ಎಲ್ಲ ಸರಿಯಿದ್ದೂ ಸದ್ದಿಲ್ಲದಿದ್ದರೆ ಪೈಪ್‌ವೈರ್ ಕೆಲಸ ನಿಲ್ಲಿಸಿರಬಹುದು. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಅದೂ ಹೊಸದಾಗಿ ಶುರುವಾಗುತ್ತದೆ.

ಗುಂಯ್ ಎಂದರೆ, ಟಪ್ ಎಂದರೆ

ಸದ್ದು ಬಂದು, ಹಿಂದೆ ಒಂದೇ ಸಮ ಗುಂಯ್ ಎನ್ನುತ್ತಿದ್ದರೆ ಲಿನಕ್ಸನ್ನು ಬೈಯಬೇಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಹಾಕಿದ್ದೀರಾ, ಮನೆಯ ಅರ್ಥಿಂಗ್ ಸರಿಯಿದೆಯಾ ನೋಡಿ. ಅರ್ಥಿಂಗ್ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ. ಸ್ಪೀಕರ್, ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೂ ಎಷ್ಟೋ ಸಲ ಕಡಿಮೆಯಾಗುತ್ತದೆ. ಹಾಡು ಶುರುವಾಗುವಾಗ ಮಾತ್ರ ಟಪ್ ಎಂದರೆ ಅದು ವಿದ್ಯುತ್ ಉಳಿಸಲು ಚಿಪ್ ನಿದ್ದೆ ಮಾಡಿ ಎದ್ದ ಸದ್ದು, ಅಪಾಯವಿಲ್ಲ.

ಅಪ್‌ಡೇಟ್ ಆದ ಮೇಲೆ ಸೌಂಡ್ ಹೋಗಿದ್ದರೆ ಹಳೆಯ ಕರ್ನಲ್‌ನಿಂದ ಶುರು ಮಾಡಿ. ಆನ್ ಆಗುವಾಗ ಬರುವ ಮೆನುವಿನಲ್ಲಿ (ತಾನಾಗಿ ಕಾಣದಿದ್ದರೆ ಆನ್ ಮಾಡಿದ ಕೂಡಲೇ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ) 'ಅಡ್ವಾನ್ಸ್ಡ್ ಆಪ್ಶನ್ಸ್' ಒಳಗೆ ಅದು ಇರುತ್ತದೆ. ಅಲ್ಲಿ ಸದ್ದು ಬಂದರೆ ಮುಂದಿನ ಅಪ್‌ಡೇಟ್‌ವರೆಗೆ ಅದರಲ್ಲೇ ಇರಿ.

ಕೊನೆಯ ಪರೀಕ್ಷೆ ಪೆನ್‌ಡ್ರೈವ್. ಅದಕ್ಕೆ ಮಿಂಟ್ ಬರೆದು, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ. ಅಲ್ಲಿ ಹಾಡಿದರೆ ನಿಮ್ಮ ಸೆಟ್ಟಿಂಗ್ ಕೆಟ್ಟಿದೆ. ಅಲ್ಲೂ, ಹೆಡ್‌ಫೋನ್‌ನಲ್ಲೂ ಮೌನವಾದರೆ ಚಿಪ್ ಹೋಗಿರುವ ಅನುಮಾನ ಗಟ್ಟಿಯಾಗುತ್ತದೆ. ಆಗಲೂ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಕಾರ್ಡ್ ಕೊಳ್ಳಿ. ಸಾಮಾನ್ಯವಾಗಿ ಲಿನಕ್ಸ್ ಅದನ್ನು ಡ್ರೈವರ್ ಕೇಳದೆ ಗುರುತಿಸುತ್ತದೆ. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್‌ನಲ್ಲಿ ಅದನ್ನು ಆರಿಸಿದರೆ ಆಯಿತು.