ನೀಲಿ ಇಲ್ಲದ ಇಂಧನ: ಟೇಕಾಫ್ ಆದೊಡನೆ ಕೈಕೊಟ್ಟ ಎಂಜಿನ್

ನಾನು ಸೆಸ್ನಾ 172 ವಿಮಾನದಲ್ಲಿ ಹಾರಾಟ ಕಲಿಸುತ್ತಿದ್ದ ದಿನಗಳಲ್ಲಿ, ಆಗಸ್ಟ್ ತಿಂಗಳ ಒಂದು ಮುಂಜಾನೆ, ಶಿಷ್ಯನೊಬ್ಬನೊಂದಿಗೆ ಟೇಕಾಫ್ ಮಾಡಿ ಸುಮಾರು 400 ಅಡಿ ಏರಿದ್ದಾಗ ಎಂಜಿನ್ ಎರಡು ಸಲ ಬಿಕ್ಕಿ, ಚೇತರಿಸಿಕೊಂಡಂತೆ ತೋರಿ, ಕೊನೆಗೆ ಶಕ್ತಿಯನ್ನೆಲ್ಲ ಕಳೆದುಕೊಂಡಿತು.

ಶಿಷ್ಯ ತಕ್ಷಣ ವಿಮಾನವನ್ನು ರನ್‌ವೇ ಕಡೆಗೆ ಎಡಕ್ಕೆ ವಾಲಿಸತೊಡಗಿದ. ನಾನು ನಿಯಂತ್ರಣ ತೆಗೆದುಕೊಂಡು, ರೆಕ್ಕೆಗಳನ್ನು ಸಮ ಮಾಡಿ, ಮೂತಿಯನ್ನು ಕೆಳಗೆ ತಳ್ಳಿದೆ. ಏರುವ ಭಂಗಿಯಲ್ಲಿ ಎಂಜಿನ್ ನಿಂತರೆ ವೇಗ ಕೆಲವೇ ಸೆಕೆಂಡುಗಳಲ್ಲಿ ಸೋರಿಹೋಗುತ್ತದೆ. ನೆಲ ಹತ್ತಿರವಿರುವಾಗ ಮೂತಿ ತಗ್ಗಿಸಲು ಮನಸ್ಸು ಒಪ್ಪುವುದಿಲ್ಲ, ಆದರೂ ಅದನ್ನೇ ಮೊದಲು ಮಾಡಬೇಕು. ಹೊರಟ ರನ್‌ವೇಗೆ ಮರಳಲು 180 ಡಿಗ್ರಿ ತಿರುವು ಸಾಲದು, ಪಕ್ಕಕ್ಕೆ ಸರಿದ ದೂರವನ್ನೂ ಮತ್ತೆ ತಿರುಗಿ ತುಂಬಿಕೊಳ್ಳಬೇಕು. ಎತ್ತರ ಉಳಿಸಲು 45 ಡಿಗ್ರಿ ವಾಲಿಸಿ ಬೇಗ ತಿರುಗಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುವ, ವೇಗವೇ ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ.

ಎದುರಿಗೆ, ತುಸು ಬಲಕ್ಕೆ, ರಾಗಿ ಹೊಲವಿತ್ತು. ವೇಗವನ್ನು 70 ನಾಟ್ (ಗಂಟೆಗೆ ಸುಮಾರು 130 ಕಿ.ಮೀ.) ಹತ್ತಿರ ಹಿಡಿದು, ಇಂಧನ-ಗಾಳಿ ಬೆರೆಸುವ ಮಿಕ್ಸ್ಚರ್, ಇಂಧನ, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗಳನ್ನು ಬಂದ್ ಮಾಡಿ, ರೆಕ್ಕೆಯ ಹಿಂಬದಿಯ ಫ್ಲಾಪ್ ಪೂರ್ತಿ ಇಳಿಸಿ, ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಆರಿಸಿದೆ. ಶಿಷ್ಯನಿಗೆ ಬಾಗಿಲಿನ ಚಿಲಕ ತೆಗೆಯಲು ಹೇಳಿದೆ. ಹಸಿ ಮಣ್ಣಿನಲ್ಲಿ ಓಡಿದ ವಿಮಾನ ಹೊಲದ ಬದುವಿಗೆ ಬಡಿದು ಮುಂದಿನ ಚಕ್ರ ಮುರಿಯಿತು, ಪ್ರೊಪೆಲ್ಲರ್ ಬಾಗಿತು. ಇಬ್ಬರಿಗೂ ಗಾಯಗಳಾಗಲಿಲ್ಲ.

ಕಾರಣ, ಬಲ ರೆಕ್ಕೆಯ ಟ್ಯಾಂಕಿನೊಳಗೆ ಸೇರಿದ್ದ ನೀರು. ರಾತ್ರಿಯಿಡೀ ಮಳೆ ಸುರಿದಿತ್ತು, ಟ್ಯಾಂಕ್ ಮುಚ್ಚಳದ ರಬ್ಬರ್ ಸವೆದಿತ್ತು. ಹಾರುವ ಮುನ್ನ ಟ್ಯಾಂಕಿನ ತಳದಿಂದ ಪಾರದರ್ಶಕ ಕಪ್ಪಿಗೆ ಇಂಧನ ಇಳಿಸಿ ನಾನೇ ನೋಡಿದ್ದೆ. ನೀರು ಏವ್‌ಗ್ಯಾಸ್‌ಗಿಂತ, ಅಂದರೆ ಇಂಥ ವಿಮಾನಗಳ ಪೆಟ್ರೋಲಿಗಿಂತ, ಭಾರವಾದ್ದರಿಂದ ಅಡಿಯಲ್ಲಿ ನಿಂತು ನಡುವೆ ಗೆರೆ ಮೂಡಿಸುತ್ತದೆ. ನಾನು ಹುಡುಕಿದ್ದು ಆ ಗೆರೆಯನ್ನು ಮಾತ್ರ. ಕಪ್ಪಿನ ತುಂಬ ಬರೀ ನೀರೇ ಇದ್ದರೆ ಗೆರೆ ಎಲ್ಲಿಂದ ಬರಬೇಕು? ಏವ್‌ಗ್ಯಾಸ್‌ನ 100 ಎಲ್‌ಎಲ್ ಎಂಬ ಬಗೆಗೆ ತಿಳಿನೀಲಿ ಬಣ್ಣವಿರುತ್ತದೆ, ಆದರೆ ಮಸುಕು ಬೆಳಕಿನಲ್ಲಿ ಆ ನೀಲಿ ಇಲ್ಲದಿರುವುದು ನನ್ನ ಕಣ್ಣಿಗೆ ಬೀಳಲಿಲ್ಲ. ನೆಲದ ಮೇಲಿನ ಎಂಜಿನ್ ಪರೀಕ್ಷೆಯನ್ನು ಕೊಳವೆಯಲ್ಲಿದ್ದ ಒಳ್ಳೆಯ ಇಂಧನವೇ ಪಾರುಮಾಡಿತ್ತು.

ಈ ತಪ್ಪು ನನ್ನದು, ಅದನ್ನು ತನಿಖೆಯಲ್ಲೂ ಹಾಗೆಯೇ ಹೇಳಿದೆ. ಈಗ ಕಪ್ಪನ್ನು ಬಿಳಿ ರೆಕ್ಕೆಗೆ ಎದುರಾಗಿ ಹಿಡಿದು ಬಣ್ಣ ನೋಡುತ್ತೇನೆ, ಮೂಸುತ್ತೇನೆ, ಅನುಮಾನ ಬಂದರೆ ಸಿಮೆಂಟ್ ನೆಲಕ್ಕೆ ನಾಲ್ಕು ಹನಿ ಹಾಕಿ ಕಾಯುತ್ತೇನೆ: ಏವ್‌ಗ್ಯಾಸ್ ಬೇಗ ಆರಿಹೋಗುತ್ತದೆ, ನೀರಿನ ಕಲೆ ಅಲ್ಲೇ ಉಳಿಯುತ್ತದೆ.