ಗಿಂಪ್‌ನಲ್ಲಿ ಹಿತ್ತಾಳೆ ಹೂಜಿಯ ಹಿನ್ನೆಲೆ ತೆಗೆಯುವುದು

ಗಿಂಪ್ ಎಂದರೆ ಚಿತ್ರ ತಿದ್ದುವ ತಂತ್ರಾಂಶ. ಅದರಲ್ಲಿ ಹೊಳೆಯುವ ಪಾತ್ರೆಗೆ ಫಝಿ ಸೆಲೆಕ್ಟ್ (ಹತ್ತಿರದ ಒಂದೇ ತರಹದ ಬಣ್ಣವನ್ನು ಒಮ್ಮೆಗೇ ಆರಿಸುವ ಟೂಲ್) ನೆಚ್ಚಬೇಡಿ. ಹಿನ್ನೆಲೆಯ ಬಣ್ಣವೇ ಲೋಹದಲ್ಲೂ ಪ್ರತಿಫಲಿಸಿರುವುದರಿಂದ ಹೂಜಿಯ ಹೊಟ್ಟೆಯೂ ಅರ್ಧ ಹಾರಿಹೋಗುತ್ತದೆ. ಬಿ ಕೀ ಒತ್ತಿ ಬಿಂದು ಇಟ್ಟು ಗೆರೆ ಎಳೆಯುವ ಪಾತ್ಸ್ ಟೂಲ್ ತೆಗೆದುಕೊಳ್ಳಿ. 200% ಹಿಗ್ಗಿಸಿ, ಅಂಚಿಗಿಂತ ಒಂದು ಪಿಕ್ಸೆಲ್ ಒಳಗೇ ಬಿಂದು ಇಡುತ್ತಾ ಹೋಗಿ. ಹೊರಗೆ ಇಟ್ಟರೆ ಹಳೇ ಗೋಡೆಯ ಬಣ್ಣ ಅಂಚಿಗೆ ಅಂಟಿಕೊಂಡೇ ಬರುತ್ತದೆ. ತಿರುವಿನಲ್ಲಿ ಕ್ಲಿಕ್ ಮಾಡಿ ಎಳೆದರೆ ಗೆರೆ ಬಾಗುತ್ತದೆ. ದುಂಡು ಹೊಟ್ಟೆಗೆ ಆರೇಳು ಬಿಂದು ಧಾರಾಳ, ಇಪ್ಪತ್ತು ಇಟ್ಟರೆ ಅಂಕುಡೊಂಕು.

ಕಂಟ್ರೋಲ್ ಹಿಡಿದು ಮೊದಲ ಬಿಂದು ಒತ್ತಿ ಸುತ್ತು ಮುಚ್ಚಿ, ಎಂಟರ್ ಒತ್ತಿ, ಗೆರೆಯ ಒಳಭಾಗ ಸೆಲೆಕ್ಷನ್ (ಆಯ್ದ ಭಾಗ) ಆಗುತ್ತದೆ. 1 ಪಿಕ್ಸೆಲ್ ಫೆದರ್ ಕೊಡಿ, ಅಂದರೆ ಅಂಚನ್ನು ತುಸು ಮೆದುಗೊಳಿಸಿ. ಡಿಲೀಟ್ ಮಾಡದೆ ಸೆಲೆಕ್ಷನ್‌ನಿಂದ ಲೇಯರ್ ಮಾಸ್ಕ್ (ಕಪ್ಪು ಬಳಿದ ಜಾಗವನ್ನು ಅಳಿಸದೆ ಮರೆಮಾಡುವ ಪದರ) ಹಾಕಿದರೆ ತಪ್ಪನ್ನು ಆಮೇಲೂ ತಿದ್ದಬಹುದು. ಹಿಡಿಯ ಸಂದಿನಲ್ಲಿ ಉಳಿದ ಹಿನ್ನೆಲೆಗೆ (ಬಹಳ ಜನ ಮರೆಯುವುದು ಇದನ್ನೇ) ಮಾಸ್ಕ್ ಮೇಲೆ ಕಪ್ಪು ಬಳಿಯಿರಿ. ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ.